ನಾಜಿ ಕಾಲದ ಕಥೆಯಲ್ಲಿ ಇಬ್ಬರು ಹುಡುಗರ ಗೆಳೆತನ: ಎಲ್ಲಿ ಇಟ್ಟರೆ ನಂಬಬಹುದು?

ಪ್ರಶ್ನೆ
ಕಾದಂಬರಿಯ ಕರಡು ನಡೆಯುತ್ತಿದೆ. ಇಬ್ಬರಿಗೂ 9 ವರ್ಷ. ಒಬ್ಬ ಔಶ್ವಿಟ್ಸ್ ಎಂಬ ನಾಜಿ ಸೆರೆಶಿಬಿರದ ಅಧಿಕಾರಿಯ ಮಗ, ಇನ್ನೊಬ್ಬ ಒಳಗಿರುವ ಯಹೂದಿ ಹುಡುಗ. ಬೇಲಿ ಹತ್ತಿರ ದಿನಾ ಭೇಟಿ. ಇದು ನಡೆಯುವ ಮಾತೇ?

ಉತ್ತರ 1
ಇಲ್ಲ. ಬೇಲಿಯಲ್ಲಿ ಕರೆಂಟು, ಮೇಲೆ ಕಾವಲು ಗೋಪುರ. ಸುತ್ತ ಸುಮಾರು 40 ಚದರ ಕಿ.ಮೀ. ಜಾಗದ ಜನರನ್ನು ಎಬ್ಬಿಸಿ ನಾಜಿಗಳ ಪಡೆಯಾದ ಎಸ್‌ಎಸ್ ತನ್ನ ವಶಕ್ಕೆ ತೆಗೆದುಕೊಂಡಿತ್ತು. ಅದಕ್ಕಿಂತ ದೊಡ್ಡ ತೊಡಕು ಒಳಗಿನ ಹುಡುಗನದೇ: ಆ ವಯಸ್ಸಿನ ಯಹೂದಿ ಮಕ್ಕಳಲ್ಲಿ ಹೆಚ್ಚಿನವರನ್ನು ರೈಲಿನಿಂದ ಇಳಿಸಿದ ಕೂಡಲೇ ಗ್ಯಾಸ್ ಕೋಣೆಗೆ ಕಳಿಸುತ್ತಿದ್ದರು. ಅಪವಾದಗಳಿದ್ದವು, ಉದಾಹರಣೆಗೆ ಶಿಬಿರದ ವೈದ್ಯ ಮೆಂಗೆಲೆ ಪ್ರಯೋಗಕ್ಕೆಂದು ತೆಗೆದಿಟ್ಟುಕೊಂಡ ಅವಳಿಗಳು. ಆದರೆ ಬೇಲಿ ಪಕ್ಕ ಕೂತು ಹರಟುವ ಬಿಡುವು ಯಾರಿಗೂ ಇರಲಿಲ್ಲ. ಇದೇ ಬಗೆಯ ಕಥೆಯಿರುವ ಜಾನ್ ಬಾಯ್ನ್ ಕಾದಂಬರಿಯನ್ನು ಈ ಇತಿಹಾಸ ಕಲಿಯುವವರೂ ಕಲಿಸುವವರೂ ದೂರವಿಡಬೇಕೆಂದು ಔಶ್ವಿಟ್ಸ್ ಮ್ಯೂಸಿಯಂ 2020ರಲ್ಲಿ ಹೇಳಿತ್ತು.

ಉತ್ತರ 2
ಶಿಬಿರ ಬಿಟ್ಟು 1935ರ ಬರ್ಲಿನ್‌ನ ಒಂದು ಮನೆಗೆ ಬನ್ನಿ. ಮೇಲು-ಕೀಳನ್ನು ತಿರುವಿ ಹಾಕಿ: ಯಹೂದಿ ಹುಡುಗ ವಕೀಲರ ಮಗ, ಅವನ ಗೆಳೆಯ ಅಡುಗೆಯವಳ ಮಗ. ಒಬ್ಬನ ಹಳೇ ಕೋಟು ಇನ್ನೊಬ್ಬನ ಮೈಮೇಲೆ. ಅಪ್ಪ ಮೊದಲ ಮಹಾಯುದ್ಧದಲ್ಲಿ ಮುಂಚೂಣಿಯಲ್ಲಿ ಹೋರಾಡಿದವರಾಗಿರಲಿ. ಹಾಗಿದ್ದರೆ ಅವರ ವಕೀಲಿಕೆ 1938ರ ತನಕ ಉಳಿಯುತ್ತದೆ, ಹೈಸ್ಕೂಲು ಸೇರುವಾಗ ಯಹೂದಿ ವಿದ್ಯಾರ್ಥಿಗಳಿಗೆ 1933ರಲ್ಲಿ ಹಾಕಿದ ಶೇ. 1.5ರ ಮಿತಿಯೂ ಮಗನಿಗೆ ತಾಗುವುದಿಲ್ಲ.

ಮುರಿಯುವ ಕೆಲಸವನ್ನು ಕಾನೂನಿಗೇ ಬಿಡಿ. 1935ರ ಸೆಪ್ಟೆಂಬರ್ 15ರ ನ್ಯೂರೆಂಬರ್ಗ್ ಕಾನೂನಿನಲ್ಲಿ, ಯಹೂದಿ ಮನೆಗಳು 45ಕ್ಕಿಂತ ಚಿಕ್ಕ 'ಜರ್ಮನ್ ರಕ್ತದ' ಹೆಂಗಸರನ್ನು ಮನೆಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂಬ ಕಲಮು ಇದೆ. ಅದು ಜಾರಿಗೆ ಬಂದದ್ದು 1936ರ ಜನವರಿ 1ಕ್ಕೆ. ನಡುವಿನ ಮೂರೂವರೆ ತಿಂಗಳೇ ನಿಮ್ಮ ಕಥೆಯ ಜೀವಾಳ: ಇಬ್ಬರು ತಾಯಂದಿರಿಗೂ ವಿಷಯ ಗೊತ್ತು, ಹುಡುಗರಿಗೆ ಯಾರೂ ಹೇಳಿಲ್ಲ.

ಪ್ರಶ್ನೆ ಕೇಳಿದವರು
ಚೆನ್ನಾಗಿದೆ. ಅಡುಗೆಯವಳಿಗೆ 40 ಎಂದಿಟ್ಟುಕೊಳ್ಳಲೇ?

ಉತ್ತರ 2
ಬೇಡ, ಅಲ್ಲೇ ಕಥೆ ಕುಸಿಯುತ್ತದೆ. ಮೊದಲೇ ಕೆಲಸದಲ್ಲಿದ್ದು 1935ರ ಡಿಸೆಂಬರ್ 31ಕ್ಕೆ 35 ತುಂಬಿದವರು ಮುಂದುವರಿಯಬಹುದಿತ್ತು. ಅವಳ ವಯಸ್ಸು 31 ಇಡಿ.

ಉತ್ತರ 3
ಇನ್ನೆರಡು ಮಾತು. 1935ರಲ್ಲಿ ಹುಡುಗನ ಎದೆಗೆ ಹಳದಿ ನಕ್ಷತ್ರ ಹೊಲಿಯಬೇಡಿ. ಜರ್ಮನಿಯಲ್ಲಿ ಅದು ಬಂದದ್ದು 1941ರ ಸೆಪ್ಟೆಂಬರ್‌ನಲ್ಲಿ, 6 ವರ್ಷ ದಾಟಿದವರಿಗೆ. ತೀರಾ ಸಾಮಾನ್ಯ ತಪ್ಪು ಇದು. ಶಾಲೆಯಿಂದ ಹೊರದಬ್ಬುವ ದೃಶ್ಯ ಬೇಕಿದ್ದರೆ 1938ರ ನವೆಂಬರ್ 15 ಇದೆ.

ಎರಡನೆಯದು, ಅಡುಗೆಯವಳ ಮಗನನ್ನು ಏನೂ ಅರಿಯದ ಮುಗ್ಧನನ್ನಾಗಿಸಬೇಡಿ. 10 ತುಂಬಿದರೆ ಹಿಟ್ಲರ್ ಯುವದಳದ ಕಿರಿಯರ ಪಡೆ, ಸಮವಸ್ತ್ರ, ಹಾಡು, ಕ್ಯಾಂಪು. ಬಡವರ ಹುಡುಗನಿಗೆ ಮೊದಲ ಬಾರಿ ಸಿಕ್ಕ ಮರ್ಯಾದೆ ಅದು, ಅವನಿಗೆ ಖುಷಿಯಾಗಲೇಬೇಕು. ಆ ಖುಷಿಯನ್ನು ಮುಚ್ಚಿಟ್ಟರೆ ಓದುಗರ ಕಣ್ಣೀರೆಲ್ಲ ಅವನ ಪಾಲಿಗೇ ಹೋಗುತ್ತದೆ, ವಕೀಲರ ಮಗ ಬರೀ ನೆಪವಾಗಿ ಉಳಿಯುತ್ತಾನೆ. ಬೇಲಿ ಕಥೆಗಳಲ್ಲಿ ನನಗೆ ಸಹಿಸಲಾಗದ್ದು ಇದೇ.