ಸಹಾಯ ಬೇಕು: ಮುಖಪುಟ ಚಿತ್ರದ ಕಪ್ಪು ಮತ್ತು ಇಂಕಿನ ಮಿತಿ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯವನು. ಫ್ಯಾಂಟಸಿ ಪುಸ್ತಕಗಳಿಗೆ ಚಿತ್ರ ಬರೆಯುವುದೇ ನನ್ನ ಕೆಲಸ. ಈಗ ಕೈಯಲ್ಲಿರುವುದು ಒಂದು ರಾಕ್ಷಸನ ಮುಖಪುಟ. ಕಿರೀಟ ಬಡಗುತಿಟ್ಟು ಯಕ್ಷಗಾನದ ಬಣ್ಣದ ವೇಷದ ಥರದ್ದು, ಹಿನ್ನೆಲೆಗೆ ಯಾಣದ ಭೈರವೇಶ್ವರ ಶಿಖರ, ಆ 120 ಮೀಟರ್ ಎತ್ತರದ ಕಪ್ಪು ಸುಣ್ಣಕಲ್ಲು. ಬಂಡೆಯ ಸೀಳಿನಿಂದ ಹಸಿರು ಬೆಳಕು ಬಂದು ಅವನ ಅರ್ಧ ಮುಖದ ಮೇಲೆ ಬೀಳುತ್ತದೆ. ಇಡೀ ಚಿತ್ರ ನಿಂತಿರುವುದೇ ಆ ಬೆಳಕಿನ ಮೇಲೆ.

ಫೋಟೋಶಾಪ್‌ನಲ್ಲಿ ಆರ್‌ಜಿಬಿ (ಪರದೆಯ ಬೆಳಕಿನ ಬಣ್ಣಗಳು) ಇದ್ದಾಗ ಹಸಿರು ಮಿಂಚುತ್ತದೆ. ಸಿಎಂವೈಕೆಗೆ (ಅಚ್ಚಿನ ನಾಲ್ಕು ಇಂಕು: ಸಯಾನ್, ಮಜೆಂಟಾ, ಹಳದಿ, ಕಪ್ಪು) ಬದಲಿಸಿದ ಕೂಡಲೇ ಬಾಡಿದ ಬಾಳೆ ಎಲೆ ಥರ ಆಗುತ್ತದೆ. ನಾಲ್ಕು ಇಂಕಿನಲ್ಲಿ ಆ ಹಸಿರು ಬರಲ್ಲ ಅನ್ನೋದು ಗೊತ್ತು. ಅದಕ್ಕೇ ಸುತ್ತಲಿನ ಬಂಡೆಯನ್ನು ಇನ್ನಷ್ಟು ಕಪ್ಪು ಮಾಡಿ, ಸ್ವಲ್ಪ ಕೆಂಪು ಬೆರೆಸಿದೆ. ಹಸಿರು ಎದ್ದು ಕಂಡಿತು. ಆದರೆ ಈಗ ಬಂಡೆಯಲ್ಲಿ ನಾಲ್ಕೂ ಇಂಕು ಸೇರಿ (ಒಂದೊಂದೂ ಹೆಚ್ಚೆಂದರೆ 100%) 340% ದಾಟುತ್ತಿದೆ. ಪ್ರೆಸ್‌ನವರು 300ಕ್ಕಿಂತ ಜಾಸ್ತಿ ಬೇಡ, ಒಣಗಲ್ಲ, ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ ಅಂತಾರೆ. ಮಳೆಗಾಲ ಬೇರೆ. ಕಡಿಮೆ ಮಾಡಿದರೆ ಬಂಡೆಯ ಬಿರುಕುಗಳೆಲ್ಲ ಬೂದು ಬೂದು. ಹಸಿರಿಗೆ ಅಂತಲೇ ಐದನೇ ಇಂಕು, ಅಂದರೆ ಮೊದಲೇ ಬೆರೆಸಿ ತಯಾರಿಸಿದ ಪ್ಯಾಂಟೋನ್ ಬಣ್ಣ ಹಾಕೋಣ ಅಂದರೆ ಪ್ರಕಾಶಕರ ಬಜೆಟ್‌ಗೆ ಆಗಲ್ಲ.

ನನ್ನ ಪ್ರಶ್ನೆ ಇಷ್ಟೇ: ಆಫ್‌ಸೆಟ್‌ನಲ್ಲಿ, ಕೋಟೆಡ್ (ಲೇಪನ ಇರುವ) ಕಾಗದದ ಮೇಲೆ, 300% ಒಳಗೇ ಆಳವಾದ ಕಪ್ಪು ಬರಲು ನೀವು ಸಿ, ಎಂ, ವೈ, ಕೆ ಎಷ್ಟೆಷ್ಟು ಇಡುತ್ತೀರಿ? ಮುಖಪುಟ ಅಚ್ಚಿಗೆ ಕಳಿಸಿ ಅನುಭವ ಇರುವವರು ದಯವಿಟ್ಟು ಅಂಕಿಗಳ ಸಮೇತ ಹೇಳಿ.