ಮೋಟಾರ್ ಬಿಸಿಯಾದಂತೆ ರೆಸಿಸ್ಟೆನ್ಸ್ ಅಂದಾಜು ಕೆಳಗಿಳಿಯುತ್ತಿದೆ, ಫಿಲ್ಟರ್ ಟ್ಯೂನಿಂಗ್ ಸಮಸ್ಯೆನಾ?

ಹೆಬ್ಬಾಳ_ಸೈಕಲ್:
ನಮಸ್ಕಾರ. ಹಳೇ ಸೈಕಲ್‌ಗೆ 48 ವೋಲ್ಟ್ ಹಬ್ ಮೋಟಾರ್ ಹಾಕಿದ್ದೇನೆ. ಕಂಟ್ರೋಲರ್ ಬೋರ್ಡ್ ನಾನೇ ಮಾಡಿದ್ದು, ಪಾರ್ಟ್ಸ್ ಎಲ್ಲ ಎಸ್‌ಪಿ ರೋಡಿಂದ ತಂದದ್ದು. ಮಳೆ ನೀರು ಹೋಗಿ ಹಾಲ್ ಸೆನ್ಸರ್ (ತಿರುಗುವ ಭಾಗ, ಅಂದ್ರೆ ರೋಟರ್, ಯಾವ ಕೋನದಲ್ಲಿದೆ ಅಂತ ಹೇಳುವವು) ಕೈಕೊಟ್ಟವು, ಅದಕ್ಕೆ ಸೆನ್ಸರ್ ಇಲ್ಲದೆಯೇ ಓಡಿಸೋಣ ಅಂತ ಎಕ್ಸ್‌ಟೆಂಡೆಡ್ ಕಾಲ್ಮನ್ ಫಿಲ್ಟರ್ ಬರೆದೆ, ಅಂದ್ರೆ ಅಳೆದದ್ದನ್ನೂ ಮೋಟಾರಿನ ಸಮೀಕರಣಗಳನ್ನೂ ಸೇರಿಸಿ ನೇರವಾಗಿ ಅಳೆಯದ್ದನ್ನು ಅಂದಾಜು ಮಾಡುವ ಪ್ರೋಗ್ರಾಂ. ಕರೆಂಟ್, ಸ್ಪೀಡ್, ರೋಟರ್ ಕೋನದ ಜೊತೆಗೆ ಫೇಸ್ (ಮೋಟಾರಿನ ಒಂದೊಂದು ಸುರುಳಿಯ) ರೆಸಿಸ್ಟೆನ್ಸ್ ಮತ್ತು ಮ್ಯಾಗ್ನೆಟ್ ಫ್ಲಕ್ಸ್ (ಮ್ಯಾಗ್ನೆಟ್ ಎಷ್ಟು ಪ್ರಬಲ ಅನ್ನುವುದು) ಕೂಡ ಅದೇ ಅಂದಾಜು ಮಾಡುತ್ತದೆ. ತಣ್ಣಗಿದ್ದಾಗ ಎಲ್ಲ ಸರಿ. ಫ್ಲೈಓವರ್ ಹತ್ತಿ ಮೋಟಾರ್ ಬಿಸಿಯಾದರೆ ರೆಸಿಸ್ಟೆನ್ಸ್ 0.10 ಓಮ್‌ನಿಂದ 0.06ಕ್ಕೆ ಬೀಳುತ್ತದೆ, ಫ್ಲಕ್ಸ್ ಮೇಲೇರುತ್ತದೆ, ಆಮೇಲೆ ನಿಧಾನಕ್ಕೆ ಹೋಗುವಾಗ ಮೋಟಾರ್ ಜಗ್ಗುತ್ತದೆ. ಫಿಲ್ಟರಿನ ಕ್ಯೂ, ಆರ್ ಮ್ಯಾಟ್ರಿಕ್ಸ್ (ಮಾಡೆಲನ್ನೆಷ್ಟು, ಅಳತೆಯನ್ನೆಷ್ಟು ನಂಬಬೇಕು ಅನ್ನುವ ಸೆಟ್ಟಿಂಗ್) ಎಷ್ಟು ತಿರುಚಿದರೂ ಅಷ್ಟೇ.

ಪೀಣ್ಯದವ:
ಟ್ಯೂನಿಂಗ್ ಸದ್ಯಕ್ಕೆ ಬಿಡಿ ಗುರು. ತಾಮ್ರ ಬಿಸಿಯಾದರೆ ರೆಸಿಸ್ಟೆನ್ಸ್ ಜಾಸ್ತಿ ಆಗಬೇಕು, ಡಿಗ್ರಿಗೆ ಹತ್ತಿರ ಹತ್ತಿರ ಶೇ. 0.39ರಷ್ಟು. ಮ್ಯಾಗ್ನೆಟ್ ಬಿಸಿಯಾದರೆ ಫ್ಲಕ್ಸ್ ಕಮ್ಮಿ ಆಗಬೇಕು. ನಿಮ್ಮದು ಎರಡೂ ಉಲ್ಟಾ ಹೋಗುತ್ತಿದೆ, ಅಲ್ವಾ? ಅಂದ್ರೆ ಒಂದರ ತಪ್ಪನ್ನು ಇನ್ನೊಂದು ಮುಚ್ಚಿಕೊಳ್ಳುತ್ತಿದೆ. ಡಿ ಕರೆಂಟ್ (ಮ್ಯಾಗ್ನೆಟ್ ದಿಕ್ಕಿನದು; ಟಾರ್ಕ್, ಅಂದ್ರೆ ತಿರುಗಿಸುವ ಬಲ, ಕೊಡುವುದು ಅದಕ್ಕೆ ಅಡ್ಡವಾದ ಕ್ಯೂ ಕರೆಂಟ್) ಸೊನ್ನೆ ಇಟ್ಟು ಓಡಿಸ್ತಾ ಇದ್ದೀರಾ?

ಹೆಬ್ಬಾಳ_ಸೈಕಲ್:
ಹೌದು, ಸೊನ್ನೆನೇ. ಪಿಡಬ್ಲ್ಯುಎಂ (ವೋಲ್ಟೇಜ್ ಹೊಂದಿಸಲು ಸ್ವಿಚ್ ಆನ್-ಆಫ್ ಮಾಡುವ ವೇಗ) 20 ಕಿಲೋಹರ್ಟ್ಸ್, ಡೆಡ್ ಟೈಮ್ (ಮೇಲಿನ, ಕೆಳಗಿನ ಸ್ವಿಚ್ ಎರಡೂ ಆಫ್ ಇರುವ ಸಮಯ) 1 ಮೈಕ್ರೋಸೆಕೆಂಡ್. ಫಿಲ್ಟರ್‌ಗೆ ಕೊಡುವುದು ಕಂಟ್ರೋಲರ್ ಕೇಳಿದ ವೋಲ್ಟೇಜ್, ಅಳೆದದ್ದಲ್ಲ.

ಪೀಣ್ಯದವ:
ಹಂಗಾದ್ರೆ ಎರಡು ಕಡೆ ನೋಡಬೇಕು.

ಮೊದಲು ಡೆಡ್ ಟೈಮ್. 48 × 20,000 × 1 ಮೈಕ್ರೋಸೆಕೆಂಡ್, ಅಂದ್ರೆ ಪ್ರತಿ ಲೆಗ್‌ನಲ್ಲೂ (ಒಂದು ಫೇಸಿನ ಸ್ವಿಚ್ ಜೋಡಿ) 0.96 ವೋಲ್ಟ್ ಹೋಗುತ್ತದೆ, ಕರೆಂಟ್ ಯಾವ ದಿಕ್ಕಿಗಿದೆಯೋ ಅದಕ್ಕೆ ವಿರುದ್ಧವಾಗಿ. ನಿಮ್ಮ ಮೋಟಾರಲ್ಲಿ 10 ಆಂಪಿಯರ್‌ಗೆ ರೆಸಿಸ್ಟೆನ್ಸ್ ಡ್ರಾಪ್ ಇರುವುದೇ 1 ವೋಲ್ಟ್! ನೀವು ಹುಡುಕುತ್ತಿರುವುದೂ ಕೊಡುತ್ತಿರುವ ತಪ್ಪೂ ಒಂದೇ ಸೈಜಿನವು, ಪಾಪ ಫಿಲ್ಟರ್ ಏನು ಮಾಡೀತು. ಕರೆಂಟ್‌ನ ದಿಕ್ಕು ನೋಡಿ ಡ್ಯೂಟಿಗೆ (ಸ್ವಿಚ್ ಆನ್ ಇರುವ ಪಾಲು) ಅಷ್ಟು ಸೇರಿಸಿ, ಇಲ್ಲವೇ ಫೇಸ್ ವೋಲ್ಟೇಜನ್ನೇ ರೆಸಿಸ್ಟರ್ ಡಿವೈಡರ್ ಹಾಕಿ ತಗ್ಗಿಸಿ ಅಳೆಯಿರಿ. ಕರೆಂಟ್ ಸೊನ್ನೆ ದಾಟುವ ಹತ್ತಿರ ದಿಕ್ಕು ಸರಿಯಾಗಿ ಗೊತ್ತಾಗಲ್ಲ, ಅಲ್ಲಿ ಕಾಂಪೆನ್ಸೇಷನ್ ಮೆಲ್ಲಗೆ ಇಳಿಸಿ.

ಎರಡನೆಯದು ಇನ್ನೂ ಮುಖ್ಯ. ಡಿ ಕರೆಂಟ್ ಸೊನ್ನೆ ಇದ್ದು ಸ್ಪೀಡ್ ಒಂದೇ ಸಮ ಇದ್ದರೆ, ಕ್ಯೂ ವೋಲ್ಟೇಜ್ (ಆ ಮ್ಯಾಟ್ರಿಕ್ಸ್ ಅಲ್ಲ, ಕ್ಯೂ ಕರೆಂಟ್ ದಿಕ್ಕಿನದು) ಅಂದ್ರೆ ರೆಸಿಸ್ಟೆನ್ಸ್ × ಕರೆಂಟ್, ಅದಕ್ಕೆ ಸ್ಪೀಡ್ × ಫ್ಲಕ್ಸ್ ಸೇರಿಸಿದ್ದು, ಅಷ್ಟೇ. ಡಿ ಕಡೆಯ ಸಮೀಕರಣದಲ್ಲಿ ಇವೆರಡರ ಸುಳಿವೇ ಇಲ್ಲ. ಇಡ್ಲಿ ಕಾಫಿ ಸೇರಿಸಿ ಒಟ್ಟು ಬಿಲ್ ಮಾತ್ರ ಹೇಳಿ ಇಡ್ಲಿಗೆಷ್ಟು ಅಂತ ಕೇಳಿದ ಹಾಗೆ. ಫ್ಲೈಓವರ್ ಮೇಲೆ ಒಂದೇ ಲೋಡಲ್ಲಿ ಒಂದೇ ಸ್ಪೀಡಲ್ಲಿ ಹತ್ತುವಾಗ ನಿಮಗೆ ಆಗುತ್ತಿರುವುದು ಇದೇ.

ಅದಕ್ಕೇ ಎರಡನ್ನೂ ಒಟ್ಟಿಗೆ ಬಿಡಬೇಡಿ. ಸ್ಪೀಡ್ ಜಾಸ್ತಿ ಇದ್ದಾಗ ಫ್ಲಕ್ಸ್ ಮಾತ್ರ ಕಲಿಯಲಿ, ರೆಸಿಸ್ಟೆನ್ಸ್ ಅಲ್ಲೇ ನಿಲ್ಲಲಿ. ರೆಸಿಸ್ಟೆನ್ಸ್ ಬೇಕಾದಾಗ ಡಿ ಕರೆಂಟಲ್ಲಿ ಮೈನಸ್ 3 ಆಂಪಿಯರ್‌ನಷ್ಟು ಒಂದು ಸಣ್ಣ ಸ್ಟೆಪ್ ಕೊಡಿ, ಕರೆಂಟ್ ನೆಲೆಗೆ ಬಂದ ಮೇಲೆ ಡಿ ವೋಲ್ಟೇಜ್ ಎಷ್ಟು ಬದಲಾಯ್ತು ನೋಡಿ ಭಾಗಿಸಿ. ಫ್ಲಕ್ಸ್ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ರೋಟರ್ ಮೇಲ್ಮೈಯಲ್ಲೇ ಮ್ಯಾಗ್ನೆಟ್ ಅಂಟಿಸಿದ ಮೋಟಾರ್ ಆದ್ದರಿಂದ ಟಾರ್ಕ್ ಹೆಚ್ಚುಕಮ್ಮಿ ಆಗಲ್ಲ, ಓಡಿಸುವವರಿಗೆ ಗೊತ್ತೂ ಆಗಲ್ಲ.

ತಾಮ್ರ_ತಂತಿ:
ನನ್ನದೂ ಎರಡು ಮಾತು. 0.10 ಓಮ್ ಮಲ್ಟಿಮೀಟರಲ್ಲಿ ಅಳೆದದ್ದಾ? ಅದನ್ನು ನಂಬಬೇಡಿ. ಎರಡು ಫೇಸ್ ನಡುವೆ 5 ಆಂಪಿಯರ್ ಡಿಸಿ ಹರಿಸಿ, ವೋಲ್ಟೇಜ್ ಅಳೆದು, ಬಂದದ್ದರಲ್ಲಿ ಅರ್ಧ ತಗೊಳ್ಳಿ. ಆಮೇಲೆ ಸಿಂಗಲ್ ಪ್ರಿಸಿಷನ್ ಫ್ಲೋಟ್ (32 ಬಿಟ್ ದಶಮಾಂಶ ಸಂಖ್ಯೆ) ಆದರೆ ಕೊವೇರಿಯನ್ಸ್ ಮ್ಯಾಟ್ರಿಕ್ಸನ್ನು (ತನ್ನ ಅಂದಾಜು ಎಷ್ಟು ಅನಿಶ್ಚಿತ ಅಂತ ಫಿಲ್ಟರ್ ಇಟ್ಟುಕೊಳ್ಳುವ ಲೆಕ್ಕ) ಪ್ರತಿ ಸಲ ಸಿಮೆಟ್ರಿಕ್ ಮಾಡಿ. ಸ್ಪೀಡ್ ನೂರಾರು, ಫ್ಲಕ್ಸ್ 0.01 ಅಂದ್ರೆ ಸ್ಕೇಲ್ ಮಾಡದೆ ಬಿಟ್ಟರೆ ಯಾವತ್ತೋ ಒಂದು ದಿನ ಫಿಲ್ಟರಿನ ಲೆಕ್ಕ ಸಿಡಿಯುತ್ತದೆ. ಸುಮ್ನೆ ಒಂದು ಥರ್ಮಿಸ್ಟರ್ (ಬಿಸಿ ಅಳೆಯುವ ಸೆನ್ಸರ್) ವೈಂಡಿಂಗ್‌ಗೆ ಅಂಟಿಸಿದರೆ ರೆಸಿಸ್ಟೆನ್ಸ್ ಅಂದಾಜಿನ ತಲೆನೋವೇ ಇರಲ್ಲ, ಆದರೆ ನಿಮಗೆ ಮಜಾ ಬೇಕು ಅನ್ನಿಸುತ್ತೆ.

ಹೆಬ್ಬಾಳ_ಸೈಕಲ್:
ಡೆಡ್ ಟೈಮ್ ಕಾಂಪೆನ್ಸೇಷನ್ ಹಾಕಿದೆ, ಡಿ ಸ್ಟೆಪ್ ಕೂಡ. ಅದೇ ಫ್ಲೈಓವರಲ್ಲಿ ಈಗ ರೆಸಿಸ್ಟೆನ್ಸ್ 0.12ಕ್ಕೆ ಏರುತ್ತದೆ, ಫ್ಲಕ್ಸ್ ಸ್ವಲ್ಪ ಇಳಿಯುತ್ತದೆ. ನಿಧಾನಕ್ಕೆ ಹೋಗುವಾಗಲೂ ಜಗ್ಗಲ್ಲ. ಸಿಗ್ನಲಲ್ಲಿ ಪೂರ್ತಿ ನಿಂತು ಹೊರಡುವಾಗ ಮಾತ್ರ ಒಮ್ಮೊಮ್ಮೆ ಹಿಂದಕ್ಕೆ ಎಳೆಯುತ್ತದೆ.

ಪೀಣ್ಯದವ:
ನಿಂತಾಗ ಬ್ಯಾಕ್ ಇಎಂಎಫ್ (ತಿರುಗುವ ಮ್ಯಾಗ್ನೆಟ್ ಸುರುಳಿಯಲ್ಲಿ ಹುಟ್ಟಿಸುವ ವೋಲ್ಟೇಜ್) ಇಲ್ಲ, ಈ ಫಿಲ್ಟರ್‌ಗೆ ಕೋನ ಗೊತ್ತಾಗಲು ದಾರಿಯೇ ಇಲ್ಲ. ಸೈಕಲ್ ತಾನೇ, ಮೊದಲು ಸ್ವಲ್ಪ ಪೆಡಲ್ ತುಳಿಯಿರಿ, ಚಕ್ರ ತಿರುಗಿದ ಮೇಲೆ ಟಾರ್ಕ್ ಕೊಡಲಿ. ಅದು ಬೇಡ ಅಂದ್ರೆ ಹಾಲ್ ಸೆನ್ಸರ್ ಬದಲಾಯಿಸಿ, ದುಬಾರಿ ಏನಲ್ಲ. ಈ ಸಲ ಕೇಬಲ್ ಒಳಹೋಗುವ ಜಾಗಕ್ಕೆ ಸಿಲಿಕೋನ್ ಹಚ್ಚಿ.