ಸಹಾಯ ಬೇಕು: ‘ಉಳಿದದ್ದರಲ್ಲಿ ಕಾಲು ಭಾಗ’ ಲೆಕ್ಕ

ಮಗಳಿಗೆ ಬೀಜಗಣಿತ ಹೇಳಿಕೊಡಲು ಕೂತು ನಾನೇ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲ ಲೆಕ್ಕ ಇದು. ಒಬ್ಬಳು ಪುಸ್ತಕದ 1/3 ಭಾಗ ಓದಿದಳು. ಮರುದಿನ ಉಳಿದದ್ದರಲ್ಲಿ 1/4, ಮೂರನೇ ದಿನ ಮತ್ತೆ ಉಳಿದದ್ದರಲ್ಲಿ 2/5. ಇನ್ನೂ 72 ಪುಟ ಬಾಕಿ. ನಾನು ಸುಮ್ನೆ ಮೂರೂ ಭಿನ್ನರಾಶಿ ಕೂಡಿಸಿದೆ, 59/60 ಬಂತು. ಅಂದರೆ 72 ಪುಟ 1/60 ಭಾಗ, ಪುಸ್ತಕಕ್ಕೆ 4320 ಪುಟ! ಮಗಳು ನಕ್ಕಳು. ಆಮೇಲೆ ಹೊಳೀತು: ಓದಿದ್ದನ್ನು ಕೂಡಿಸಬಾರದು, ಉಳಿದದ್ದನ್ನು ಗುಣಿಸಬೇಕು. 2/3 × 3/4 × 3/5 = 3/10. ಹಾಗಾಗಿ 240 ಪುಟ.

ಇಲ್ಲಿವರೆಗೆ ಸರಿ ಅಲ್ವಾ? ತೊಂದರೆ ಮುಂದಿನದ್ದರಲ್ಲಿ. ಮೊದಲ ದಿನ 1/3 ಭಾಗ ಮತ್ತು 10 ಪುಟ, ಎರಡನೇ ದಿನ ಉಳಿದದ್ದರಲ್ಲಿ 1/4 ಮತ್ತು 10 ಪುಟ, ಕೊನೆಗೆ 80 ಬಾಕಿ. ನಾನು ಎರಡೂ ಹತ್ತನ್ನು 80ಕ್ಕೆ ಸೇರಿಸಿ 1/2ರಿಂದ (2/3 × 3/4) ಭಾಗಿಸಿದೆ, 200 ಬಂತು. 200ರ ಮೂರನೇ ಒಂದು ಭಾಗ ಪೂರ್ಣ ಸಂಖ್ಯೆಯೇ ಅಲ್ಲ! ಹಿಂದಿನಿಂದ ಹೋದರೆ 80 + 10 = 90, ಅದು 3/4 ಭಾಗ ಆದ್ದರಿಂದ 120, ಅದಕ್ಕೆ 10 ಸೇರಿಸಿ 130, ಅದು 2/3 ಭಾಗ ಆದ್ದರಿಂದ ಒಟ್ಟು 195 ಪುಟ ಅಂತ ಸಲೀಸಾಗಿ ಸಿಗುತ್ತೆ.

ಆದರೆ ಅವಳಿಗೆ ಎಕ್ಸ್ ಇಟ್ಟು ಸಮೀಕರಣವನ್ನೇ ಬರೆಯಬೇಕು. ಆವರಣದೊಳಗೆ ಆವರಣ ಬಂದು ತಲೆ ಕೆಡುತ್ತಿದೆ. ಸುಲಭವಾಗಿ ಬರೆಯೋದು ಹೇಗೆ? ಎರಡು ಹತ್ತನ್ನು ಒಟ್ಟಿಗೆ ಸೇರಿಸಬಾರದು ಅನ್ನೋದನ್ನು ಮಕ್ಕಳಿಗೆ ಅರ್ಥವಾಗುವಂತೆ ಯಾರಾದರೂ ತಿಳಿಸ್ತೀರಾ?